ಎಂಎಸ್ ಬರೋದು ಯಾಕೆ?

ಮಾರ್ಚ್ 14, 2025, ಶುಕ್ರವಾರ

"ಅಕ್ಕಾ, ನನಗೇ ಯಾಕೆ ಬಂತು?" ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಅಂತ ಗೊತ್ತಾದಾಗಿನಿಂದ ತಂಗಿಯದು ಇದೊಂದೇ ಪ್ರಶ್ನೆ. ನೋಡಲು ಬಂದವರು ಒಬ್ಬೊಬ್ಬರೂ ಒಂದೊಂದು ಕಾರಣ ಹೇಳಿ ಹೋಗುತ್ತಾರೆ. ಟೆನ್ಷನ್ ಜಾಸ್ತಿ ಮಾಡಿಕೊಂಡೆ, ನಿದ್ದೆಗೆಟ್ಟೆ ಅಂತ. ಅವಳು ಅದನ್ನೇ ನಂಬಿ ಕೊರಗುತ್ತಾಳೆ. ಅದಕ್ಕೇ ಓದಿ ತಿಳಿದದ್ದನ್ನು ಅವಳಿಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಮಿದುಳು, ಬೆನ್ನುಹುರಿಯ ನರಗಳಿಗೆ ವೈರಿನ ಮೇಲಿನ ಪ್ಲಾಸ್ಟಿಕ್ಕಿನ ಹಾಗೆ ಮಯಲಿನ್ ಅನ್ನುವ ಹೊದಿಕೆ ಇರುತ್ತದೆ. ಎಂಎಸ್ ಬಂದವರಲ್ಲಿ, ಸೋಂಕಿನಿಂದ ಮೈಯನ್ನು ಕಾಯಬೇಕಾದ ರಕ್ಷಣಾ ಕಣಗಳೇ ಅದನ್ನು ಕೆಡಿಸುತ್ತವೆ. ತಂಗಿಗೆ ಎಡಗಣ್ಣು ಮಂಜಾಗಿ, ಕೆಂಪು ಬಣ್ಣ ಮಾಸಿದಂತೆ ಕಂಡಿತ್ತಲ್ಲ, ಅದು ಕಣ್ಣಿನ ನರದ ಹೊದಿಕೆಗೆ ಬಿದ್ದ ಪೆಟ್ಟು.

ಈ ಕಣಗಳು ತಿರುಗಿಬೀಳುವುದು ಯಾಕೆ? ಈಗ ಎಲ್ಲಕ್ಕಿಂತ ಬಲವಾದ ಅನುಮಾನ ಎಂಜಲಿನಿಂದ ಹರಡುವ ಎಪ್‌ಸ್ಟೀನ್-ಬಾರ್ ವೈರಸ್ ಮೇಲೆ. ಅಮೆರಿಕದ ಸೈನ್ಯದಲ್ಲಿ ಎಚ್‌ಐವಿ ಪರೀಕ್ಷೆಗೆ ತೆಗೆದ ರಕ್ತದಲ್ಲಿ ಮಿಕ್ಕ ಸೀರಮ್ಮನ್ನು (ರಕ್ತದ ತಿಳಿಭಾಗ) ಫ್ರೀಜರಿನಲ್ಲಿ ಇಟ್ಟಿದ್ದರು. 1 ಕೋಟಿಗೂ ಹೆಚ್ಚು ಸೈನಿಕರ ದಾಖಲೆ ಹಿಡಿದು, ಎಂಎಸ್ ಬಂದವರ ಹಳೆಯ ಸೀರಮ್ಮನ್ನು ಹಾರ್ವರ್ಡ್ ಸಂಶೋಧಕರು ಪರೀಕ್ಷಿಸಿದರು. ಕಾಯಿಲೆ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನ ಸೀರಮ್! ವೈರಸ್ ಮೊದಲು, ಎಂಎಸ್ ಆಮೇಲೆ ಅಂತ ಅದರಿಂದಲೇ ಕಂಡಿತು. ಸೋಂಕು ತಗುಲಿದ ಮೇಲೆ ಅಪಾಯ 32 ಪಟ್ಟು ಏರಿತ್ತು. ಇದು ಪ್ರಕಟವಾದದ್ದು 2022ರಲ್ಲಿ. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು ಇನ್ನೊಂದು ಎಳೆ ಹಿಡಿದರು. ಈ ವೈರಸ್ಸಿನ ಒಂದು ಪ್ರೋಟೀನಿನ ತುಣುಕು ನರಮಂಡಲದ ಗ್ಲಯಲ್‌ಕ್ಯಾಮ್ ಪ್ರೋಟೀನನ್ನು ಹೋಲುತ್ತದೆ. ಕೆಲವು ರೋಗಿಗಳಲ್ಲಿ ಸೋಂಕಿನ ವಿರುದ್ಧ ಮೈ ತಯಾರಿಸುವ ಒಂದೇ ಪ್ರತಿಕಾಯ (ಆಂಟಿಬಾಡಿ) ಎರಡಕ್ಕೂ ಅಂಟಿಕೊಳ್ಳುತ್ತದೆ. ಇದನ್ನು ಓದಿ ಮೈ ಜುಮ್ಮೆಂದಿತು.

ಆದರೆ ಈ ವೈರಸ್ 100ರಲ್ಲಿ 90ಕ್ಕೂ ಹೆಚ್ಚು ವಯಸ್ಕರ ಮೈಯಲ್ಲಿದೆ. ನನ್ನಲ್ಲೂ ಇದ್ದೀತು. ಅದೊಂದೇ ಸಾಲದು ಅಂತಾಯಿತು, ಅಲ್ವಾ? ಎಚ್‌ಎಲ್‌ಎ ಅನ್ನುವ, ರಕ್ಷಣಾ ಕಣಗಳ ಕೆಲಸಕ್ಕೆ ಸಂಬಂಧಿಸಿದ ಗುಂಪಿನ ಒಂದು ಜೀನ್ ಮಾದರಿ ಇದ್ದರೆ ಅಪಾಯ ಸುಮಾರು 3 ಪಟ್ಟು. ಹಾಗಂತ ಬರೀ ಜೀನ್ ಕೂಡ ಅಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಹೆಚ್ಚಿನವರಲ್ಲಿ ಇನ್ನೊಬ್ಬರಿಗೆ ಬರುವುದಿಲ್ಲ. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಎಂಎಸ್ ಜಾಸ್ತಿ. ಬಿಸಿಲು, ವಿಟಮಿನ್ ಡಿ ಕಡಿಮೆಯಾಗುವುದು ಅದಕ್ಕೊಂದು ಕಾರಣ ಇರಬಹುದು. ಹರೆಯದಲ್ಲಿ ತೂಕ ತೀರಾ ಹೆಚ್ಚಿದ್ದರೂ ಅಪಾಯ ಏರುತ್ತದೆ.

ಇದರಲ್ಲಿ ತಂಗಿಯ ತಪ್ಪು ಎಲ್ಲಿದೆ? ಹುಟ್ಟುವಾಗ ಬಂದ ಜೀನು, ಯಾವಾಗಲೋ ಎಂಜಲಿನಿಂದ ಅಂಟಿದ ವೈರಸ್.

ಸಿಗರೇಟಿನ ಹೊಗೆ ಮಾತ್ರ ನಮ್ಮ ಕೈಲಿರುವ ವಿಷಯ. ಅದು ಎಂಎಸ್ ಬರುವ ಅಪಾಯವನ್ನೂ ಹೆಚ್ಚಿಸುತ್ತದೆ, ಬಂದದ್ದನ್ನು ಬೇಗ ಹದಗೆಡಿಸುತ್ತದೆ ಕೂಡ. ಇನ್ನು ಮನೆಯೊಳಗೆ ಯಾರೂ ಸೇದಬಾರದು ಅಂತ ಇವತ್ತೇ ಹೇಳಿದೆ. ವಿಟಮಿನ್ ಡಿ ಮಾತ್ರೆ ಎಷ್ಟು ಬೇಕೆಂದು ಡಾಕ್ಟರನ್ನು ಕೇಳೋಣ, ಸುಮ್ನೆ ನಾವೇ ಡೋಸ್ ಏರಿಸೋದು ಬೇಡ ಅಂದಿದ್ದೇನೆ.