ಅದೃಷ್ಟದ ಲೆಕ್ಕ

ಮೈನ್‌ಕ್ರಾಫ್ಟ್ ಎಂಬ ವಿಡಿಯೊ ಆಟವನ್ನು ಅತಿ ಕಡಿಮೆ ಸಮಯದಲ್ಲಿ ಮುಗಿಸುವವರ ಶ್ರೇಯಾಂಕ ಪಟ್ಟಿಯನ್ನು ನೋಡಿಕೊಳ್ಳುವ ಸ್ವಯಂಸೇವಕರು, 2020ರ ಡಿಸೆಂಬರ್‌ನಲ್ಲಿ ಡ್ರೀಮ್ ಎಂಬ ಪ್ರಖ್ಯಾತ ಆಟಗಾರನ ಆಟವೊಂದನ್ನು ಆ ಪಟ್ಟಿಯಿಂದ ತೆಗೆದುಹಾಕಿದ ಬಗೆ ನನಗೆ ಇಂದಿಗೂ ಮೆಚ್ಚುಗೆಯ ವಿಷಯ. ಪಿಗ್ಲಿನ್‌ಗಳಿಗೆ (ಆಟದಲ್ಲಿ ಚಿನ್ನಕ್ಕೆ ಬದಲಾಗಿ ವಸ್ತು ಕೊಡುವ ಹಂದಿಮುಖದ ಜೀವಿಗಳು) ಚಿನ್ನದ ಗಟ್ಟಿ ಕೊಟ್ಟಾಗ, ಆಟ ಮುಗಿಸಲು ಬೇಕಾದ ಎಂಡರ್ ಪರ್ಲ್ ಎಂಬ ಮುತ್ತು ಸಿಗುವ ಸಾಧ್ಯತೆ ಆತ ಆಡಿದ ಆವೃತ್ತಿಯಲ್ಲಿ ಶೇ. 5ಕ್ಕೂ ಕಡಿಮೆ, ಹಾಗಾಗಿ ಆರು ನೇರಪ್ರಸಾರಗಳಲ್ಲಿ ಆತ ಮಾಡಿದ 262 ವಿನಿಮಯಗಳಲ್ಲಿ ಸುಮಾರು 12 ಬಾರಿ ಸಿಕ್ಕಿದ್ದರೆ ಸಹಜವಾಗಿತ್ತು, ಸಿಕ್ಕಿದ್ದು 42 ಬಾರಿ. ಆತ ಕೊಂದ 305 ಬ್ಲೇಜ್‌ಗಳಲ್ಲಿ (ಬೆಂಕಿಯ ಜೀವಿಗಳು) ಅರ್ಧದಷ್ಟು, ಆಟ ಮುಗಿಸಲು ಬೇಕಾದ ಇನ್ನೊಂದು ವಸ್ತುವಾದ ಕೋಲು ಬೀಳಿಸಬೇಕಿತ್ತು, 211 ಬೀಳಿಸಿದವು. ಒಂದೇ ಒಂದು ವಿಡಿಯೊ ನೋಡಿದವರಿಗೆ ಇದು ಬರಿಯ ಅದೃಷ್ಟವೆಂದೇ ತೋರುತ್ತಿತ್ತು (ನನಗೂ ಹಾಗೆಯೇ ಅನಿಸಿತ್ತು); ಆರನ್ನೂ ಒಟ್ಟಿಗೆ ಲೆಕ್ಕ ಹಾಕಿದಾಗಲೇ ಅದು ಅದೃಷ್ಟವನ್ನು ಮೀರಿದ್ದೆಂದು ಕಂಡಿದ್ದು. ಸಾಧ್ಯತೆಗಳನ್ನು ಬದಲಿಸುವ ಮಾಡ್ (ಆಟಕ್ಕೆ ಹೊರಗಿನಿಂದ ಸೇರಿಸುವ ತಂತ್ರಾಂಶ) ಒಂದು ಚಾಲನೆಯಲ್ಲಿತ್ತೆಂದೂ, ಆಗ ಅದು ತನಗೆ ತಿಳಿದಿರಲಿಲ್ಲವೆಂದೂ ಆತ 2021ರ ಮೇ ತಿಂಗಳಲ್ಲಿ ಹೇಳಿಕೊಂಡ.