ಮಂಡಳಿಯ ಕುರ್ಚಿ

2022ರ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆಯನ್ನು ಇಂದು ಮತ್ತೊಮ್ಮೆ ಓದಿದೆ. ಕ್ರೀಡಾಪಟುಗಳ ಮದ್ದು ಪರೀಕ್ಷೆ ನಡೆಸುವ ರಾಷ್ಟ್ರೀಯ ಸಂಸ್ಥೆಯಾದ ನಾಡಾದ ಮೇಲ್ವಿಚಾರಣೆಗೆಂದು ಅಧ್ಯಕ್ಷರೂ ಇಬ್ಬರು ಸದಸ್ಯರೂ ಇರುವ ಮಂಡಳಿಯೊಂದನ್ನು ಆ ಕಾಯ್ದೆ ರೂಪಿಸಿತ್ತು. ಅವರನ್ನು ನೇಮಿಸುವ ಅಧಿಕಾರ ಕೇಂದ್ರ ಸರ್ಕಾರದ್ದು. ನಾಡಾದ ಸ್ವಾಯತ್ತತೆಗೆ ಇದರಿಂದ ಧಕ್ಕೆಯಾಗುತ್ತದೆಂದು ಉದ್ದೀಪನ ಮದ್ದು ತಡೆಯ ಜಾಗತಿಕ ಸಂಸ್ಥೆಯಾದ ವಾಡಾ ಆಕ್ಷೇಪಿಸಿದ ಬಳಿಕ, 2025ರ ಆಗಸ್ಟ್‌ನಲ್ಲಿ ಸಂಸತ್ತು ತಿದ್ದುಪಡಿ ತಂದು, ಮಂಡಳಿಯನ್ನು ಉಳಿಸಿಕೊಂಡೇ ಅದರ ಹಿಡಿತವನ್ನು ಸಡಿಲಿಸಿತು.

ಇಂಥ ಮಂಡಳಿಯ ಸದಸ್ಯತ್ವ ವಿಚಿತ್ರವಾದ ಹೊಣೆ ಎಂದು ನನಗನ್ನಿಸುತ್ತದೆ. ನೀತಿ, ಜಾಗೃತಿಯ ಕಾರ್ಯಕ್ರಮಗಳನ್ನು ಕುರಿತು ಸದಸ್ಯರು ತಮ್ಮ ಅಭಿಪ್ರಾಯ ಹೇಳಬಹುದು. ಆದರೆ ನಾಳೆ ಬೆಳಿಗ್ಗೆ ಯಾವ ಓಟಗಾರ್ತಿಯ ಬಾಗಿಲನ್ನು ತಟ್ಟಬೇಕು, ಯಾರ ಮೂತ್ರ ಅಥವಾ ರಕ್ತದ ಮಾದರಿಯನ್ನು ಪಡೆಯಬೇಕು ಎಂಬುದರಲ್ಲಿ ಮೂಗು ತೂರಿಸಬಾರದು. ಪರೀಕ್ಷೆಗೆ ಸಿಗುವಂತೆ ದಿನಕ್ಕೆ 60 ನಿಮಿಷ ತಾನು ಎಲ್ಲಿರುತ್ತೇನೆಂದು ಮುಂಚಿತವಾಗಿ ತಿಳಿಸಬೇಕಾದ, 12 ತಿಂಗಳಲ್ಲಿ ಮೂರು ಬಾರಿ ತಪ್ಪಿದರೆ ನಿಷೇಧದ ಭೀತಿಯನ್ನು ಎದುರಿಸಬೇಕಾದ ಕ್ರೀಡಾಪಟುವಿಗೆ, ತನ್ನ ಹೆಸರನ್ನು ಆರಿಸಿದವರು ಸಚಿವಾಲಯದವರೂ ಅಲ್ಲ, ಒಕ್ಕೂಟದವರೂ ಅಲ್ಲ ಎಂಬ ಭರವಸೆಯಾದರೂ ಬೇಡವೇ? ಕ್ರೀಡಾ ಒಕ್ಕೂಟಗಳ ರಾಜಕೀಯವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದ್ದು ಪ್ರಕರಣಗಳ ತೀರ್ಪಿನ ಮೇಲಿನ ಮನವಿಗಳನ್ನು ಆಲಿಸುವ ಮೇಲ್ಮನವಿ ಸಮಿತಿಯ ರಚನೆ ಈಗ ಮಂಡಳಿಯ ಕೈತಪ್ಪಿ ಸರ್ಕಾರದ ಕೈಸೇರಿರುವುದು ಮಾತ್ರ ನನ್ನನ್ನು ಪೂರ್ತಿ ಒಪ್ಪಿಸಿಲ್ಲ.