ಅಡಿಕೆ ಗಾಡಿಗೆ ಮೂರು ಸಲ ಆಕ್ಸಲ್ ಮಾಡಿದ ಕಥೆ

ತೋಟದಿಂದ ಅಂಗಳಕ್ಕೆ ಅಡಿಕೆ ಕೊನೆ ಹೊರೋಕೆ ಜನ ಸಿಗಲ್ಲ ಅಂತ ಹೋದ ವರ್ಷ ನಾಲ್ಕು ಚಕ್ರದ ಎಳೆಯೋ ಗಾಡಿ ಮಾಡಕ್ಕೆ ಕೂತೆ. ತೀರ್ಥಹಳ್ಳೀಲಿ ಗುಜರಿ ಅಂಗಡೀಲಿ ಕೈಗಾಡಿ ಚಕ್ರ ನಾಲ್ಕು ಸಿಕ್ತು, ಇದೆಂತ ಮಹಾ ಕೆಲಸ ಅಂದ್ಕೊಂಡಿದ್ದೆ. ಮುಂದಿನ ಆಕ್ಸಲ್ ಮೂರು ಸಲ ಕಿತ್ತು ಮಾಡ್ಬೇಕಾಯ್ತು ಮಾರಾಯ್ರೆ.

ಮೊದಲು ಹಳೇ ಸಾರೋಟಿನ ಥರ ಒಂದೇ ಉದ್ದದ ಆಕ್ಸಲ್, ನಡುವೆ ಒಂದು ಬೋಲ್ಟ್. ಸೀದಾ ದಾರೀಲಿ ಚೆನ್ನಾಗೇ ಬಂತು, ಸಂಕ ದಾಟಿ ದರೆ ಪಕ್ಕ ತಿರುಗಿಸ್ತಿದ್ದಂಗೆ ಪಲ್ಟಿ. ಎಂತಕ್ಕೆ ಅಂದ್ರೆ ಆಕ್ಸಲ್ ಜಾಸ್ತಿ ತಿರುಗಿದಷ್ಟೂ ಎರಡೂ ಚಕ್ರ ಗಾಡಿ ಮಧ್ಯಕ್ಕೆ ಸರೀತವೆ, ಮೂಲೆಗೆ ಆಧಾರನೇ ಇರಲ್ಲ. ಅಡಿಕೆಯೆಲ್ಲ ಬಸಿಗಾಲುವೆಗೆ. ಅಪ್ಪಯ್ಯ ಏನೂ ಅನ್ಲಿಲ್ಲ, ಅದೇ ಬೇಜಾರು.

ಆಮೇಲೆ ಚಕ್ರಕ್ಕೊಂದು ಕಿಂಗ್‌ಪಿನ್, ಅಂದ್ರೆ ಚಕ್ರ ಎಡಕ್ಕೆ ಬಲಕ್ಕೆ ತಿರುಗೋ ನೆಟ್ಟಗಿನ ಕೀಲು ಹಾಕಿ, ಎರಡಕ್ಕೂ ನೇರ ಆರ್ಮ್ (ಚಕ್ರ ತಿರುಗಿಸೋ ಗಿಡ್ಡ ಕೈ) ಕೊಟ್ಟು ಟೈ ರಾಡ್ ಅನ್ನೋ ಅಡ್ಡ ಸಲಾಕೇಲಿ ಜೋಡಿಸ್ದೆ. ಪಲ್ಟಿ ನಿಂತ್ತು, ಆದ್ರೆ ತಿರುವಲ್ಲಿ ಹೊರಗಿನ ಚಕ್ರ ಅಡ್ಡಡ್ಡ ಎಳ್ಕೊಂಡು ಬಂದು ಮಣ್ಣೆಲ್ಲ ಕೆರೀತಿತ್ತು. ಒಳಗಿನ ಚಕ್ರ ಸಣ್ಣ ವೃತ್ತದಲ್ಲಿ ಹೋಗ್ಬೇಕು, ಹೊರಗಿನದು ದೊಡ್ಡದ್ರಲ್ಲಿ, ಎರಡೂ ಒಂದೇ ಕೋನಕ್ಕೆ ತಿರುಗಿದ್ರೆ ಹೆಂಗೆ ಸರಿಹೋಗುತ್ತೆ? ನನ್ನ ಗಾಡಿಗೆ ಹಿಂದೆ ಮುಂದಿನ ಆಕ್ಸಲ್ ಮಧ್ಯೆ 120 ಸೆಂ.ಮೀ, ಕಿಂಗ್‌ಪಿನ್ ಮಧ್ಯೆ 60. ಲೆಕ್ಕ ಹಾಕಿದ್ರೆ ಒಳಗಿನದು 30 ಡಿಗ್ರಿ ತಿರುಗಿದಾಗ ಹೊರಗಿನದು ಬರೀ 24 ತಿರುಗ್ಬೇಕು.

ಇದಕ್ಕೆ ಉಪಾಯ ಇನ್ನೂರು ವರ್ಷ ಹಳೇದು. ಮ್ಯೂನಿಕ್‌ನಲ್ಲಿ ಸಾರೋಟು ಮಾಡ್ತಿದ್ದ ಲ್ಯಾಂಕೆನ್‌ಸ್ಪೆರ್ಗರ್ ಅನ್ನೋನ ಐಡಿಯಾ, ಆದ್ರೆ 1818ರಲ್ಲಿ ಇಂಗ್ಲೆಂಡಲ್ಲಿ ಪೇಟೆಂಟ್ ತಗೊಂಡೋನು ಅವನ ಏಜೆಂಟ್ ಆಕರ್ಮನ್, ಹಂಗಾಗಿ ಇವತ್ತಿಗೂ ಆಕರ್ಮನ್ ಸ್ಟೀರಿಂಗ್ ಅಂತಲೇ ಹೆಸರು. ಬೆಳೆದೋನು ಒಬ್ಬ, ಹೆಸರು ದಲ್ಲಾಳಿದು, ಅಡಿಕೆಯವ್ರಿಗೆ ಇದು ಹೊಸದಲ್ಲ ಬಿಡಿ. ಕಾರ್ಲ್ ಬೆಂಜ್ ಕೂಡ 1885ರಲ್ಲಿ ಮೂರು ಚಕ್ರದ ಕಾರೇ ಮಾಡಿದ್ದ, ನಾಲ್ಕು ಚಕ್ರಕ್ಕೆ ತನ್ನ ಸ್ಟೀರಿಂಗ್ ಪೇಟೆಂಟ್ ಮಾಡಿಸಿದ್ದು 1893ರಲ್ಲಿ. ನಾನು ಮೂರನೇ ಸಲಕ್ಕೆ ಕಲ್ತೆ, ಪರವಾಗಿಲ್ಲ.

ಮಾಡಿದ್ದು ಇಷ್ಟೇ, ಆರ್ಮ್ ಎರಡನ್ನೂ ಹಿಂದಿನ ಆಕ್ಸಲ್‌ನ ನಡುಮಧ್ಯಕ್ಕೆ ಗುರಿ ಇಟ್ಟಂಗೆ ಒಳಗಡೆ ಸುಮಾರು 14 ಡಿಗ್ರಿ ಬಗ್ಗಿಸ್ದೆ. ಪಕ್ಕಾ ಲೆಕ್ಕಕ್ಕೆ ಬರಲ್ಲ, ಹತ್ತಿರ ಬರುತ್ತೆ, ಸಾಕು. ವೆಲ್ಡಿಂಗ್ ಹುಡುಗ ಹೇಳಿದ ಅಂತ ಕಿಂಗ್‌ಪಿನ್ ತಲೇನ ಹಿಂದಕ್ಕೆ ಸ್ವಲ್ಪ ವಾಲಿಸ್ದೆ, ಸೈಕಲ್ ಫೋರ್ಕ್ ಥರ. ಆಗುಂಬೆ ಘಾಟೀಲಿ ತಿರುವು ಮುಗೀತಿದ್ದಂಗೆ ಕೈ ಸಡಿಲ ಬಿಟ್ರೆ ಸ್ಟೀರಿಂಗ್ ತಾನೇ ವಾಪಸ್ ಬರುತ್ತಲ್ಲ, ಅದಕ್ಕೆ ಮುಖ್ಯ ಕಾರಣ ಈ ಓರೆನೇ, ಕ್ಯಾಸ್ಟರ್ ಅಂತಾರೆ.

ಈಗ ಗಾಡಿ ಕರೆದಲ್ಲಿ ಬರುತ್ತೆ. ಬ್ರೇಕ್ ಮಾತ್ರ ಇನ್ನೂ ಹಾಕಿಲ್ಲ, ಇಳಿಜಾರಲ್ಲಿ ಹಿಂದಿಂದ ಹಗ್ಗ ಹಿಡ್ಕೊಂಡು ಅಪ್ಪಯ್ಯ ಬರ್ತಾರೆ.